ಮೈಯೊಳಗಿನ ಕಣಜ, ಮೈಯೊಳಗಿನ ಜರಡಿ

ಹೊಲದ ಕೆಲಸ, ಕೂಲಿ ಕೆಲಸ, ಮನೆ ಕೆಲಸ ಎಲ್ಲ ಮುಗಿಸಿಕೊಂಡು ಕಲಿಕಾ ಕೇಂದ್ರಕ್ಕೆ ಬಂದಿದ್ದೀರಿ. ಕೆಲವರು ಕಂಕುಳಲ್ಲಿ ಕೂಸು ಎತ್ತಿಕೊಂಡೇ ಬಂದಿದ್ದೀರಿ. ಇವತ್ತು ಹೊಸ ಅಕ್ಷರದ ಪಾಠ ಇಲ್ಲ. ಕಲಿತ ಅಕ್ಷರ, ಕಲಿತ ಅಂಕಿ ಜೀವ ಉಳಿಸೋಕೆ ಹೇಗೆ ಬರುತ್ತೆ ಅನ್ನೋದೇ ಇವತ್ತಿನ ಮಾತು.

ನಾನು ಶಾಲೆಯಲ್ಲಿ ಪಾಠ ಹೇಳುವವಳು. ಡಾಕ್ಟರ್ ಅಲ್ಲ. ಔಷಧಿ ಕೊಡೋದು ಡಾಕ್ಟರ ಕೆಲಸ. ಆದರೆ ಯಾವಾಗ ಡಾಕ್ಟರ ಹತ್ತಿರ ಓಡಬೇಕು ಅನ್ನೋದು ಮನೆಯವರಿಗೆ ಗೊತ್ತಿರಬೇಕು. ಅದನ್ನು ಇವತ್ತು ತಿಳಿಯೋಣ.

ಸಕ್ಕರೆ ಕಾಯಿಲೆ ಅಂದರೆ ಏನು?

ಸಕ್ಕರೆ ಕಾಯಿಲೆಗೆ ಮಧುಮೇಹ ಅಂತಲೂ ಹೇಳ್ತಾರೆ. ಸಿಹಿಮೂತ್ರ ರೋಗ ಅಂತಲೂ ಹೇಳ್ತಾರೆ. ಇದು ಪಟ್ಟಣದವರ ಕಾಯಿಲೆ, ಶ್ರೀಮಂತರ ಕಾಯಿಲೆ ಅಂತ ಹಿಂದೆ ಅನ್ನುತ್ತಿದ್ದರು. ಈಗ ಆ ಮಾತು ನಡೆಯೋದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ ಅಂತ ಅದು ಹೇಳಿತು. ನಮ್ಮ ಓಣಿಯಲ್ಲೇ ಎಷ್ಟು ಮನೆಯಲ್ಲಿ ಇದೆ, ನೀವೇ ಎಣಿಸಿ ನೋಡಿ.

ನಾವು ಮುದ್ದೆ ತಿಂದರೂ, ರೊಟ್ಟಿ ತಿಂದರೂ, ಅನ್ನ ತಿಂದರೂ ಅದು ಹೊಟ್ಟೆಯಲ್ಲಿ ಸಕ್ಕರೆಯಾಗುತ್ತೆ. ಸಕ್ಕರೆ ರಕ್ತಕ್ಕೆ ಸೇರುತ್ತೆ. ರಕ್ತದಿಂದ ಮೈಯ ಕಣಕಣಕ್ಕೂ ಹೋಗಬೇಕು. ಆಗಲೇ ನಮಗೆ ಕಸುವು. ಆದರೆ ಕಣಗಳ ಬಾಗಿಲಿಗೆ ಬೀಗ ಇದೆ. ಆ ಬೀಗದ ಕೀಲಿ ಕೈ ಹೆಸರು ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿ ಮೇದೋಜೀರಕ ಅನ್ನೋ ಗ್ರಂಥಿ ಇದೆ. ಇನ್ಸುಲಿನ್ ತಯಾರಾಗೋದು ಅಲ್ಲಿ. ಕೆಲವರಿಗೆ ಈ ಕೀಲಿ ಕೈ ತಯಾರೇ ಆಗೋದಿಲ್ಲ. ಕೆಲವರಿಗೆ ತಯಾರಾದರೂ ಸಾಲೋದಿಲ್ಲ, ಇಲ್ಲವೇ ಬೀಗಕ್ಕೆ ಸರಿಯಾಗಿ ಹೊಂದೋದಿಲ್ಲ. ಆಗ ಸಕ್ಕರೆ ರಕ್ತದಲ್ಲೇ ನಿಲ್ಲುತ್ತೆ. ಮನೆ ತುಂಬ ಧಾನ್ಯ ಇದ್ದರೂ ಒಲೆ ಮೇಲೆ ಅನ್ನ ಇಲ್ಲ ಅನ್ನೋ ಹಾಗೆ.

ಆರೋಗ್ಯವಾಗಿರುವ ದೊಡ್ಡವರ ಮೈಯಲ್ಲಿ 4ರಿಂದ 5 ಲೀಟರ್ ರಕ್ತ ಇರುತ್ತೆ. ಅಷ್ಟೂ ರಕ್ತದಲ್ಲಿ ಎಷ್ಟು ಸಕ್ಕರೆ ಇರುತ್ತೆ ಗೊತ್ತಾ? ಬರೀ ಒಂದು ಚಹಾ ಚಮಚದಷ್ಟು! ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಇದನ್ನು ಹದವಾಗಿ ಇಡೋಕೆ ಇನ್ನೂ ಇಬ್ಬರು ದುಡೀತಾರೆ. ಅವರೇ ಲಿವರ್ ಮತ್ತು ಕಿಡ್ನಿ.

ಲಿವರ್ ಒಂದು ಕಣಜ

ಲಿವರ್ ಅಂದರೆ ಯಕೃತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ಇರುತ್ತೆ. ಸುಮಾರು ಒಂದೂವರೆ ಕಿಲೋ ತೂಗುತ್ತೆ. ಸುಗ್ಗಿಯಲ್ಲಿ ಬಂದ ರಾಗಿ, ಜೋಳವನ್ನು ನಾವು ಕಣಜಕ್ಕೆ ತುಂಬಿಡ್ತೀವಿ, ಅಲ್ವಾ? ಹಾಗೇ ಊಟ ಆದಾಗ ಲಿವರ್ ಸಕ್ಕರೆಯನ್ನು ಕೂಡಿಡುತ್ತೆ. ರಾತ್ರಿ ನಾವು ಮಲಗಿದಾಗ, ಉಪವಾಸ ಇದ್ದಾಗ ಸ್ವಲ್ಪ ಸ್ವಲ್ಪವೇ ತೆಗೆದು ರಕ್ತಕ್ಕೆ ಹಾಕುತ್ತೆ. ಕಣಜ ಖಾಲಿಯಾಗುತ್ತಾ ಬಂದರೆ ತಾನೇ ಹೊಸದಾಗಿ ಸಕ್ಕರೆ ತಯಾರಿಸೋದೂ ಅದಕ್ಕೆ ಗೊತ್ತು. ಯಾವಾಗ ತುಂಬಬೇಕು, ಯಾವಾಗ ತೆಗೆಯಬೇಕು? ಅದನ್ನು ಮುಖ್ಯವಾಗಿ ಹೇಳೋದು ಇನ್ಸುಲಿನ್.

ಕಿಡ್ನಿ ಒಂದು ಜರಡಿ

ಕಿಡ್ನಿ ಅಂದರೆ ಮೂತ್ರಪಿಂಡ. ಬೆನ್ನಿನ ಕಡೆ ಎಡಕ್ಕೊಂದು, ಬಲಕ್ಕೊಂದು ಇರುತ್ತೆ. ನೋಡೋಕೆ ದೊಡ್ಡ ಹುರುಳಿಕಾಳಿನ ಆಕಾರ. ಗಾತ್ರ ನಮ್ಮ ಮುಷ್ಟಿಯಷ್ಟು. ಎರಡೂ ಸೇರಿ ಒಂದು ದಿನಕ್ಕೆ ಸುಮಾರು 180 ಲೀಟರ್ ನೀರಿನಂಶ ಸೋಸುತ್ತವೆ. ಅಂದರೆ ಹತ್ತು ಹನ್ನೆರಡು ಕೊಡ! ಅದರಲ್ಲಿ ಹೆಚ್ಚುಪಾಲು ನೀರನ್ನೂ, ಎಲ್ಲಾ ಸಕ್ಕರೆಯನ್ನೂ ವಾಪಸ್ ರಕ್ತಕ್ಕೆ ಕಳಿಸುತ್ತವೆ. ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತೆ. ಕಸ ಹೊರಗೆ, ಕಾಳು ಒಳಗೆ. ಒಳ್ಳೆಯ ಜರಡಿ ಅಂದರೆ ಇದು.

ಆದರೆ ಜರಡಿಗೂ ಒಂದು ಮಿತಿ ಇದೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿಗೆ ಅಷ್ಟನ್ನೂ ಹಿಡಿದಿಡೋಕೆ ಆಗೋದಿಲ್ಲ. ಸಕ್ಕರೆ ಮೂತ್ರಕ್ಕೆ ಸೋರುತ್ತೆ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತೆ ಅಂತ ಹಿರಿಯರು ಹೇಳೋದು ಇದಕ್ಕೇ.

ಮೊದಲನೆಯ ಗಂಡಾಂತರ: ಸಕ್ಕರೆ ವಿಪರೀತ ಏರುವುದು

ಒಂದು ಮನೆ ಅಂತ ಇಟ್ಟುಕೊಳ್ಳೋಣ. ಅತ್ತೆಗೆ 50 ವರ್ಷ. ದಿನಾ ಇನ್ಸುಲಿನ್ ಸೂಜಿ ಹಾಕಿಕೊಳ್ತಾರೆ. ಊರಲ್ಲಿ ಜಾತ್ರೆ. ಅತ್ತೆಗೆ ಜ್ವರ ಬಂತು, ವಾಂತಿ ಶುರುವಾಯಿತು. ಊಟ ಸೇರಲಿಲ್ಲ. ಅತ್ತೆ ಏನು ಹೇಳ್ತಾರೆ? "ಹೊಟ್ಟೆಗೇ ಏನೂ ಇಲ್ಲ. ಸೂಜಿ ಯಾಕೆ?" ಅಂತ ಎರಡು ದಿನ ಸೂಜಿ ಬಿಟ್ಟರು. ಕೇಳೋಕೆ ಸರಿ ಅನಿಸುತ್ತೆ. ಆದರೆ ಒಳಗೆ ಏನಾಗುತ್ತೆ ನೋಡಿ.

ಇನ್ಸುಲಿನ್ ಇಲ್ಲ ಅಂದರೆ ಕಣಜಕ್ಕೆ ಕಾವಲು ಇಲ್ಲ. ಜ್ವರ ಬಂದಾಗ ಮೈ ಇನ್ನಷ್ಟು ಸಕ್ಕರೆ ಬೇಡುತ್ತೆ. ಲಿವರ್ ಕೂಡಿಟ್ಟ ಸಕ್ಕರೆಯನ್ನೆಲ್ಲ ರಕ್ತಕ್ಕೆ ಸುರಿಯುತ್ತೆ. ಹೊಸದಾಗಿ ತಯಾರಿಸಿಯೂ ಸುರಿಯುತ್ತೆ. ಊಟ ಮಾಡದೇ ಇದ್ದರೂ ಸಕ್ಕರೆ ಏರೋದು ಹೀಗೆ. ಆದರೆ ಬಾಗಿಲು ಮುಚ್ಚಿದೆ. ಕಣಗಳಿಗೆ ಸಕ್ಕರೆ ಸಿಗೋದಿಲ್ಲ. ಆಗ ಮೈ ತನ್ನ ಕೊಬ್ಬನ್ನೇ ಉರಿಸೋಕೆ ಶುರು ಮಾಡುತ್ತೆ. ಆ ಕೊಬ್ಬಿನಿಂದ ಲಿವರ್ ಕೀಟೋನ್ ಅನ್ನೋ ಹುಳಿ ಪದಾರ್ಥ ತಯಾರಿಸುತ್ತೆ. ಸ್ವಲ್ಪ ಇದ್ದರೆ ತೊಂದರೆ ಇಲ್ಲ. ವಿಪರೀತ ಆದರೆ ರಕ್ತವೇ ಹುಳಿಯಾಗುತ್ತೆ.

ಇತ್ತ ಕಿಡ್ನಿ ಪಾಡು ನೋಡಿ. ಸಕ್ಕರೆ ಮೂತ್ರಕ್ಕೆ ಸೋರುವಾಗ ಸುಮ್ಮನೆ ಹೋಗೋದಿಲ್ಲ, ನೀರನ್ನೂ ಎಳೆದುಕೊಂಡು ಹೋಗುತ್ತೆ. ಉಪ್ಪನ್ನೂ ಕೊಂಡೊಯ್ಯುತ್ತೆ. ಪದೇ ಪದೇ ಮೂತ್ರ, ತೀರದ ಬಾಯಾರಿಕೆ. ಮೇಲೆ ವಾಂತಿ ಬೇರೆ. ದೊಡ್ಡವರ ಮೈಯಿಂದ ಸುಮಾರು 6 ಲೀಟರ್ ನೀರು ಹೋಗಿಬಿಡಬಹುದು. ಹೆಚ್ಚುಕಡಿಮೆ ಅರ್ಧ ಕೊಡ! ಆಗ ರಕ್ತ ಗಟ್ಟಿಯಾಗುತ್ತೆ, ರಕ್ತದೊತ್ತಡ ಇಳಿಯುತ್ತೆ. ಕಿಡ್ನಿಗೆ ಸೋಸೋಕೆ ಸಾಕಷ್ಟು ರಕ್ತ ಬರೋದಿಲ್ಲ. ಕಾಲುವೆಯಲ್ಲಿ ನೀರು ನಿಂತರೆ ಗದ್ದೆ ಬಿರುಕು ಬಿಡೋ ಹಾಗೆ. ಕೊನೆಗೆ ಮೂತ್ರವೇ ಕಡಿಮೆಯಾಗುತ್ತೆ. ಕಸ ರಕ್ತದಲ್ಲೇ ಉಳಿಯುತ್ತೆ. "ಮೂತ್ರ ಕಡಿಮೆಯಾಯ್ತು, ಹುಷಾರಾಗ್ತಾ ಇದ್ದಾರೆ" ಅಂತ ತಿಳಿಯಬೇಡಿ. ಅದು ಕಿಡ್ನಿ ಸೋಲುತ್ತಿರುವ ಗುರುತು ಆಗಿರಬಹುದು.

ಹೊರಗೆ ಕಾಣುವ ಗುರುತುಗಳು ಇವು:
ವಾಂತಿ, ಹೊಟ್ಟೆನೋವು.
ಒಣಗಿದ ನಾಲಿಗೆ, ತುಂಬಾ ಬಾಯಾರಿಕೆ.
ಆಳವಾದ, ಜೋರಾದ ಉಸಿರಾಟ.
ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ.
ಮಂಪರು, ತಪ್ಪು ತಪ್ಪು ಮಾತು, ಆಮೇಲೆ ಪ್ರಜ್ಞೆ ತಪ್ಪುವುದು.

ಈ ಕಥೆ ಎರಡು ಥರ ಮುಗಿಯಬಹುದು. ಮನೆಯವರು "ಗಾಳಿ ಸೋಕಿದೆ" ಅಂತ ತಾಯತ ಕಟ್ಟಿಸಬಹುದು. ಇಲ್ಲವೇ "ಸುಸ್ತಾಗಿದೆ, ಒಂದು ಗ್ಲೂಕೋಸ್ ಬಾಟಲಿ ಏರಿಸಿ" ಅಂತ ಯಾರಲ್ಲಿಗೋ ಕರೆದುಕೊಂಡು ಹೋಗಬಹುದು. ಸಕ್ಕರೆ ಏರಿ ಕೂತಿರುವಾಗ ಮತ್ತೆ ಸಕ್ಕರೆ ನೀರು ಏರಿಸಿದರೆ ಏನಾಗುತ್ತೆ? ಉರಿಯುವ ಬೆಂಕಿಗೆ ಸೀಮೆಎಣ್ಣೆ ಹಾಕಿದ ಹಾಗೆ. ಆ ಅತ್ತೆ ಬದುಕದೇ ಹೋಗಬಹುದು.

ಅಥವಾ ಓದಲು ಕಲಿತ ಸೊಸೆ ಸಕ್ಕರೆ ಅಳೆಯೋ ಯಂತ್ರದಲ್ಲಿ ಅಂಕಿ ಓದಬಹುದು. "ಅತ್ತೇ, 380 ತೋರಿಸ್ತಾ ಇದೆ. ಏಳಿ, ಆಸ್ಪತ್ರೆಗೆ ಹೋಗೋಣ" ಅನ್ನಬಹುದು. ಗಂಡ ಜಾತ್ರೆಯಿಂದ ಬರಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಬಹುದು. ಆಸ್ಪತ್ರೆಯಲ್ಲಿ ಮೊದಲು ಉಪ್ಪು ನೀರಿನ ಬಾಟಲಿ ಏರಿಸ್ತಾರೆ. ಕಿಡ್ನಿಗೆ ಮತ್ತೆ ರಕ್ತ ಹರಿಯುತ್ತೆ. ರಕ್ತನಾಳದ ಮೂಲಕ ಸ್ವಲ್ಪ ಸ್ವಲ್ಪವೇ ಇನ್ಸುಲಿನ್ ಕೊಡ್ತಾರೆ. ಲಿವರ್ ಕೀಟೋನ್ ತಯಾರಿಸೋದನ್ನು ನಿಲ್ಲಿಸುತ್ತೆ. ಪೊಟ್ಯಾಸಿಯಂ ಅನ್ನೋ ಲವಣ ಕಡಿಮೆಯಾಗದ ಹಾಗೆ ಗಂಟೆಗಂಟೆಗೂ ನೋಡಿಕೊಳ್ತಾರೆ. ಬೇಗ ಹೋದರೆ ಸೋತ ಕಿಡ್ನಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತೆ. ತಡವಾದಷ್ಟೂ ಕಷ್ಟ.

ವಯಸ್ಸಾದವರಲ್ಲಿ ಇದು ಇನ್ನೊಂದು ಥರ ಬರುತ್ತೆ. ಕೀಟೋನ್ ಹೆಚ್ಚಾಗೋದಿಲ್ಲ. ವಾಂತಿ, ಏದುಸಿರು ಕಾಣದೇ ಇರಬಹುದು. ಆದರೆ ಸಕ್ಕರೆ ದಿನದಿಂದ ದಿನಕ್ಕೆ ಏರಿ 600 ದಾಟುತ್ತೆ. ಮೈಯ ನೀರೆಲ್ಲ ಬತ್ತುತ್ತೆ. ಅಜ್ಜಿ ಸುಮ್ಮನೆ ಮಂಕಾಗಿ ಮಲಗಿರ್ತಾಳೆ. "ವಯಸ್ಸಾಯ್ತು, ನಿದ್ದೆ ಮಾಡ್ತಾಳೆ" ಅಂತ ಬಿಡಬೇಡಿ.

ಚಿಕ್ಕ ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತೆ. ಹಾಸಿಗೆ ಒದ್ದೆ ಮಾಡೋದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ನೀರು ನೀರು ಅಂದರೆ, ತಿಂದರೂ ಸೊರಗಿದರೆ ರಕ್ತ ಪರೀಕ್ಷೆ ಮಾಡಿಸಿ. ಬಸುರಿಯರಲ್ಲಿ ಈ ಗಂಡಾಂತರ ಬೇಗ ಬರುತ್ತೆ. ಸಕ್ಕರೆ ಅಷ್ಟೇನೂ ಏರದೇ ಇದ್ದರೂ ಬರಬಹುದು. ಸಕ್ಕರೆ ಕಾಯಿಲೆ ಇರುವ ಬಸುರಿಗೆ ವಾಂತಿ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಒಬ್ಬ ಹುಡುಗನ ಕಥೆ

ಹಿಂದೆ ಈ ಹುಳಿ ರಕ್ತಕ್ಕೆ ಮದ್ದೇ ಇರಲಿಲ್ಲ. ಕೆನಡಾ ದೇಶದಲ್ಲಿ ಟೊರೊಂಟೊ ಅನ್ನೋ ಊರು ಇದೆ. ಅಲ್ಲಿ 1921ರಲ್ಲಿ ಬ್ಯಾಂಟಿಂಗ್ ಅನ್ನೋ ಡಾಕ್ಟರು, ಬೆಸ್ಟ್ ಅನ್ನೋ ವಿದ್ಯಾರ್ಥಿ ಸೇರಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆಯಲು ದುಡಿದರು. ಮ್ಯಾಕ್ಲಿಯಾಡ್ ಮತ್ತು ಕಾಲಿಪ್ ಅನ್ನೋ ವಿಜ್ಞಾನಿಗಳೂ ಜೊತೆಗಿದ್ದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಸೂಜಿ ಹಾಕಿದರು. ಅವನು ಎಲುಬಿನ ಗೂಡಾಗಿದ್ದ. ಮೊದಲ ಸಲ ಅಷ್ಟಾಗಿ ಗುಣ ಕಾಣಲಿಲ್ಲ. ಮದ್ದನ್ನು ಇನ್ನಷ್ಟು ಶುದ್ಧ ಮಾಡಿ 12 ದಿನದ ಮೇಲೆ ಮತ್ತೆ ಹಾಕಿದರು. ಸಕ್ಕರೆ ಇಳಿಯಿತು. ಮೂತ್ರದಲ್ಲಿದ್ದ ಕೀಟೋನ್ ಹೋಯಿತು. ಸಾಯುತ್ತಾನೆ ಅಂದುಕೊಂಡಿದ್ದ ಹುಡುಗ 13 ವರ್ಷ ಬದುಕಿದ.

ಈ ಮದ್ದಿನ ಹಕ್ಕನ್ನು ಅವರು ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಕೊಟ್ಟುಬಿಟ್ಟರು. ಬ್ಯಾಂಟಿಂಗ್ ಹುಟ್ಟಿದ ದಿನ ನವೆಂಬರ್ 14. ಅದೇ ದಿನವನ್ನು ವಿಶ್ವ ಮಧುಮೇಹ ದಿನ ಅಂತ ಆಚರಿಸ್ತಾರೆ. ಸೂಜಿ ಅಂದರೆ ಕೊನೆಗಾಲದ ಮದ್ದು ಅಂತ ಹೆದರಬೇಡಿ. ಅದು ಸಾವಿನ ಬಾಯಿಂದ ಎಳೆದು ತಂದ ಮದ್ದು.

ಎರಡನೆಯ ಗಂಡಾಂತರ: ಸಕ್ಕರೆ ದಿಢೀರ್ ಇಳಿಯುವುದು

ಇದು ಏರುವುದಕ್ಕಿಂತ ಬೇಗ ಬರುತ್ತೆ. ಮಾತ್ರೆ ನುಂಗಿ ಊಟ ಬಿಟ್ಟರೆ ಬರುತ್ತೆ. ಸೂಜಿ ಹಾಕಿಕೊಂಡು ಬಿಸಿಲಲ್ಲಿ ಕಳೆ ಕೀಳೋಕೆ ಹೋದರೆ ಬರುತ್ತೆ. ಏಕಾದಶಿ ಇರಲಿ, ಶಿವರಾತ್ರಿ ಇರಲಿ, ರಂಜಾನ್ ಇರಲಿ, ಮದ್ದಿನ ಲೆಕ್ಕ ಬದಲಿಸದೆ ಉಪವಾಸ ಮಾಡಿದರೂ ಬರುತ್ತೆ. ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದರೆ ಉಣ್ಣುವವರು ನಾವು. ಮಾತ್ರೆ ನುಂಗಿದ ಹೆಂಗಸು ಕೊನೆಗೆ ಉಣ್ಣುವ ಹಾಗಿಲ್ಲ. ಇದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ.

ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಎಚ್ಚರ. ಬೆವರು, ಕೈ ನಡುಕ, ಎದೆ ಡವಡವ, ಹಸಿವು, ಕಣ್ಣು ಮಂಜು, ಸುಮ್ಮಸುಮ್ಮನೆ ಸಿಟ್ಟು. 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೇ ಕಷ್ಟ. ಮಾತು ತೊದಲುತ್ತೆ, ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು.

ಇಲ್ಲಿ ಲಿವರ್ ಕಾಪಾಡೋಕೆ ಓಡಿ ಬರುತ್ತೆ. ಕಣಜದಿಂದ ಸಕ್ಕರೆ ತೆಗೆದು ಕೊಡುತ್ತೆ. ಆದರೆ ಉಪವಾಸದಿಂದ ಕಣಜ ಬರಿದಾಗಿದ್ದರೆ? ಲಿವರ್ ಕೆಟ್ಟಿದ್ದರೆ? ಹೆಂಡ ಕುಡಿದರೆ ಹೊಸ ಸಕ್ಕರೆ ತಯಾರಿಸುವ ಕೆಲಸಕ್ಕೆ ಲಿವರಿನಲ್ಲಿ ಅಡ್ಡಿಯಾಗುತ್ತೆ. ಸಕ್ಕರೆ ಮಾತ್ರೆ ನುಂಗಿ, ಬರೀ ಹೊಟ್ಟೆಯಲ್ಲಿ ಕುಡಿದು ಬಂದ ಗಂಡಸು ಎದ್ದೇಳದೆ ಬಿದ್ದಿದ್ದರೆ "ಅಮಲು ಇಳಿಯಲಿ" ಅಂತ ಬಿಡಬೇಡಿ. ಅದು ಸಕ್ಕರೆ ಇಳಿದದ್ದೂ ಆಗಿರಬಹುದು.

ಕಿಡ್ನಿಗೂ ಇಲ್ಲಿ ಪಾತ್ರ ಇದೆ. ಕೆಲಸ ಮುಗಿಸಿದ ಇನ್ಸುಲಿನ್ನನ್ನೂ, ಕೆಲವು ಮಾತ್ರೆಗಳನ್ನೂ ಮೈಯಿಂದ ತೆಗೆಯುವವರಲ್ಲಿ ಕಿಡ್ನಿಯೂ ಒಂದು. ಕಿಡ್ನಿ ಸೊರಗಿದರೆ ಮದ್ದು ಮೈಯಲ್ಲೇ ಹೆಚ್ಚು ಹೊತ್ತು ಉಳಿಯುತ್ತೆ. ಹಿಂದೆ ಸರಿಯಾಗಿದ್ದ ಅಳತೆಯೇ ಈಗ ಜಾಸ್ತಿ ಆಗುತ್ತೆ. ಬಹಳ ವರ್ಷದ ಸಕ್ಕರೆ ಕಾಯಿಲೆಯವರಿಗೆ ಮೇಲಿಂದ ಮೇಲೆ ಸಕ್ಕರೆ ಇಳೀತಾ ಇದೆಯಾ? "ಕಾಯಿಲೆ ವಾಸಿಯಾಗ್ತಾ ಇದೆ" ಅಂತ ಸಂತೋಷಪಡಬೇಡಿ. ಕಿಡ್ನಿ ಪರೀಕ್ಷೆ ಮಾಡಿಸಿ.

ಆಗ ಏನು ಮಾಡಬೇಕು?

ಎಚ್ಚರ ಇದ್ದರೆ 3 ಚಹಾ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ನೋಡಿ. 70 ದಾಟದಿದ್ದರೆ ಇನ್ನೊಮ್ಮೆ ಕುಡಿಸಿ. ಸುಧಾರಿಸಿದ ಮೇಲೆ ರೊಟ್ಟಿಯೋ ಅನ್ನವೋ ಕೊಡಿ. ಮಾತ್ರೆಯಿಂದ ಇಳಿದ ಸಕ್ಕರೆ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಆದ್ದರಿಂದ ಡಾಕ್ಟರಿಗೆ ತೋರಿಸಿ.

ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ನೀರೂ ಬೇಡ. ಉಸಿರುನಾಳಕ್ಕೆ ಹೋದರೆ ಪ್ರಾಣ ಹೋಗುತ್ತೆ. ಒಂದು ಮಗ್ಗುಲಿಗೆ ಮಲಗಿಸಿ. 108ಕ್ಕೆ ಫೋನ್ ಮಾಡಿ.

ಸಕ್ಕರೆ ಕಡಿಮೆಯೋ ಜಾಸ್ತಿಯೋ ಗೊತ್ತಾಗದಿದ್ದರೆ? ಯಂತ್ರ ಇಲ್ಲದಿದ್ದರೆ? ಬೆವರು, ನಡುಕ ಇದ್ದು, ಎಚ್ಚರ ಇರುವವರಿಗೆ ಸಕ್ಕರೆ ನೀರು ಕೊಡಿ. ಅಷ್ಟು ಸಕ್ಕರೆಯಿಂದ ಆಗುವ ಹಾನಿ ಕಡಿಮೆ. ಕೊಡದೇ ಇದ್ದರೆ ಆಗುವ ಹಾನಿ ದೊಡ್ಡದು.

ಓದು ಇಲ್ಲಿ ಕೆಲಸಕ್ಕೆ ಬರುತ್ತೆ

ಇನ್ಸುಲಿನ್ ಬಾಟಲಿಯನ್ನು ಕೈಗೆ ತೆಗೆದುಕೊಳ್ಳಿ. ಅದರ ಮೇಲೆ 40 ಅಂತಲೋ 100 ಅಂತಲೋ ಬರೆದಿರುತ್ತೆ. ಸಿರಿಂಜಿನ ಮೇಲೂ ಅದೇ ಅಂಕಿ ಇರಬೇಕು. 40ರ ಬಾಟಲಿಗೆ 40ರ ಸಿರಿಂಜು. ಅದಕ್ಕೆ ಕೆಂಪು ಮುಚ್ಚಳ. 100ರ ಬಾಟಲಿಗೆ 100ರ ಸಿರಿಂಜು. ಅದಕ್ಕೆ ಕಿತ್ತಳೆ ಮುಚ್ಚಳ. 100ರ ಮದ್ದನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಮದ್ದು ಮೈಗೆ ಹೋಗುತ್ತೆ. ಸಕ್ಕರೆ ದಿಢೀರ್ ಇಳಿಯುತ್ತೆ. ಈ ಎರಡು ಅಂಕಿ ಓದೋಕೆ ಬಂದರೆ ಒಂದು ಜೀವ ಉಳಿಯುತ್ತೆ.

ಸಕ್ಕರೆ ಅಳೆಯುವ ಯಂತ್ರದಲ್ಲಿ ಅಂಕಿಯ ಬದಲು ಎರಡು ಇಂಗ್ಲಿಷ್ ಅಕ್ಷರ ಬಂದರೆ ಯಂತ್ರ ಕೆಟ್ಟಿದೆ ಅಂತ ಎತ್ತಿಡಬೇಡಿ. 'ಎಚ್, ಐ' ಅಂತ ಬಂದರೆ ಸಕ್ಕರೆ ಯಂತ್ರಕ್ಕೂ ಅಳೆಯಲಾಗದಷ್ಟು ಏರಿದೆ. 'ಎಲ್, ಓ' ಅಂತ ಬಂದರೆ ತೀರಾ ಇಳಿದಿದೆ. ಎರಡೂ ಗಂಡಾಂತರವೇ.

ಜ್ವರ, ವಾಂತಿ, ಭೇದಿ ಬಂದ ದಿನ ಇನ್ಸುಲಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ. ಅಳತೆ ಬದಲಿಸೋದು ಡಾಕ್ಟರ ಕೆಲಸ. ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ, ಬರೆದಿಡಿ. ಸ್ವಲ್ಪ ಸ್ವಲ್ಪ ನೀರು, ಗಂಜಿ ತಿಳಿ, ಮಜ್ಜಿಗೆ ಕುಡೀತಾ ಇರಿ. ಕಿಡ್ನಿ, ಹೃದಯ ಮೊದಲೇ ಸೊರಗಿದವರು ಎಷ್ಟು ನೀರು ಕುಡಿಯಬೇಕು ಅಂತ ಡಾಕ್ಟರನ್ನು ಕೇಳಿ. ಇಂಥ ದಿನ ಕೆಲವು ಮಾತ್ರೆಗಳನ್ನು ಮಾತ್ರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತೆ. ಅವು ಯಾವುವು? ಹುಷಾರಾಗಿರುವಾಗಲೇ ಕೇಳಿ, ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಬೆಂಕಿ ಬಿದ್ದಾಗ ಬಾವಿ ತೋಡೋಕೆ ಆಗೋದಿಲ್ಲ.

ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸ ಬಿಡಿ. ಮೈಯಲ್ಲಿ ನೀರು ಕಡಿಮೆಯಾದಾಗ ಅವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ವರ್ಷಕ್ಕೆ ಒಂದು ಸಲವಾದರೂ ಎರಡು ಪರೀಕ್ಷೆ ಮಾಡಿಸಿ. ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್. ಜರಡಿ ಸವೆದಿರೋದು ನೋವಿಗಿಂತ ಮೊದಲು ಈ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ 30 ವರ್ಷ ದಾಟಿದವರಿಗೆ ಸಕ್ಕರೆ, ರಕ್ತದೊತ್ತಡ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಈಗ ಸ್ಲೇಟು ಬದಿಗಿಡಿ. ಒಂದು ಹಾಳೆ ತೆಗೆದುಕೊಳ್ಳಿ. ದೊಡ್ಡ ಅಕ್ಷರದಲ್ಲಿ ಬರೆಯಿರಿ.

70ಕ್ಕಿಂತ ಕಡಿಮೆ: 3 ಚಮಚ ಸಕ್ಕರೆ, 15 ನಿಮಿಷ ಕಾಯಬೇಕು.
250ಕ್ಕಿಂತ ಜಾಸ್ತಿ ಇದ್ದು ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು: ಕೂಡಲೇ ಆಸ್ಪತ್ರೆ.
ಪ್ರಜ್ಞೆ ಇಲ್ಲ: ಬಾಯಿಗೆ ಏನೂ ಬೇಡ. 108.
ಊಟ ಇಲ್ಲದಿದ್ದರೂ ಇನ್ಸುಲಿನ್ ನಾವಾಗಿಯೇ ನಿಲ್ಲಿಸಬಾರದು.

ಅದರ ಕೆಳಗೆ ಕಾಯಿಲೆ ಇರುವವರ ಹೆಸರು, ಅವರ ಮದ್ದಿನ ಹೆಸರು, ಒಂದು ಫೋನ್ ನಂಬರ್ ಬರೆಯಿರಿ. ಮನೆಗೆ ಹೋಗಿ ಅಡುಗೆಮನೆ ಗೋಡೆಗೆ ಅಂಟಿಸಿ. ಓದೋಕೆ ಬಾರದ ಪಕ್ಕದ ಮನೆಯವಳಿಗೆ ನೀವೇ ಓದಿ ಹೇಳಿ. ಬರೆಯೋಕೆ ಆಗದಿದ್ದರೆ ಅವಳ ಹಾಳೆಯನ್ನೂ ನೀವೇ ಬರೆದುಕೊಡಿ.